ಒಂದೇ ಪದ, ಬೇರೆ ದನಿ: ಜನಪದ ಹಾಡುಗಾರಿಕೆಯಲ್ಲಿ ಸ್ವಂತಿಕೆಯ ಪ್ರಶ್ನೆ

೧

ಜನಪದ ಗೀತೆಗಳ ಸಂಕಲನವೊಂದನ್ನು ತೆರೆದರೆ ಸಾಮಾನ್ಯವಾಗಿ ಮುಖಪುಟದ ಮೇಲೆ ಸಂಪಾದಕರ ಹೆಸರಿರುತ್ತದೆ. ಒಳಪುಟದಲ್ಲಿ ಪ್ರಕಾಶಕರ, ಮುದ್ರಕರ, ಕೆಲವೊಮ್ಮೆ ರಕ್ಷಾಪುಟದ ಚಿತ್ರ ಬರೆದವರ ಹೆಸರೂ ಇರುತ್ತದೆ. ಹಾಡಿದವರ ಹೆಸರು ಬೇಕಾದರೆ ಕೊನೆಯ ಪುಟಗಳಿಗೆ ಹೋಗಬೇಕು. ಅಲ್ಲಿ 'ವಕ್ತೃಗಳು' ಎಂಬ ತಲೆಬರಹದಡಿ ಹೆಸರು, ವಯಸ್ಸು, ಊರು, ಕಸುಬು ಎಲ್ಲವೂ ಒಂದೇ ಸಾಲಿನಲ್ಲಿ ಮುಗಿದಿರುತ್ತವೆ. ಯಾವ ಪದವನ್ನು ಯಾರು ಹೇಳಿದರು ಎಂಬುದು ಅಷ್ಟರಿಂದ ತಿಳಿಯುವುದಿಲ್ಲ. ಧ್ವನಿಸುರುಳಿಗಳ ಹೊದಿಕೆಯ ಮೇಲಂತೂ 'ಸಾಹಿತ್ಯ: ಜನಪದ' ಎಂಬ ಎರಡೇ ಮಾತಿನಲ್ಲಿ ಕರ್ತೃತ್ವದ ವ್ಯವಹಾರ ಇತ್ಯರ್ಥವಾಗಿಬಿಡುತ್ತಿತ್ತು.

ಇದಕ್ಕೆ ಶಾಸ್ತ್ರದ ಬೆಂಬಲವೂ ಇದೆ. ಸ್ನಾತಕೋತ್ತರ ತರಗತಿಗಳಲ್ಲಿ ಜನಪದ ಸಾಹಿತ್ಯದ ಲಕ್ಷಣಗಳನ್ನು ನಿರೂಪಿಸುವಾಗ ಮೌಖಿಕತೆ, ಸಾಮೂಹಿಕತೆ, ಪಾಠಾಂತರ ಇವುಗಳೊಡನೆ ಅಜ್ಞಾತಕರ್ತೃತ್ವವನ್ನೂ ಹೇಳುವುದು ವಾಡಿಕೆ. ಕರ್ತೃ ಯಾರೆಂದು ತಿಳಿಯದು ಎಂಬುದು ಒಂದು ಮಾತು. ಕರ್ತೃವೇ ಇಲ್ಲ ಎಂಬುದು ಬೇರೊಂದು ಮಾತು. ಮೊದಲನೆಯದು ನಮ್ಮ ತಿಳಿವಳಿಕೆಯ ಮಿತಿಯನ್ನು ಸೂಚಿಸುತ್ತದೆ. ಎರಡನೆಯದು ಹಾಡಿನ ಸ್ವರೂಪವನ್ನೇ ಕುರಿತ ತೀರ್ಪು. ನಮ್ಮ ಬರಹಗಳಲ್ಲಿ ಮೊದಲ ಮಾತಿನಿಂದ ಎರಡನೆಯ ಮಾತಿಗೆ ಜಾರುವುದು ಎಷ್ಟು ಸಹಜವಾಗಿದೆಯೆಂದರೆ ಜಾರಿದ್ದು ಗಮನಕ್ಕೇ ಬರುವುದಿಲ್ಲ.

ಎಲ್ಲರೂ ಹೇಳುವ ಪದವನ್ನೇ ಹೇಳುವವಳಿಗೆ ಸ್ವಂತ ದನಿ ಎಂಬುದು ಇರಲು ಸಾಧ್ಯವೇ? ಇದ್ದರೆ ಅದನ್ನು ಪದದ ಯಾವ ಭಾಗದಲ್ಲಿ ಹುಡುಕಬೇಕು? ಈ ಪ್ರಶ್ನೆಯನ್ನು ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ತಾಲ್ಲೂಕುಗಳ ಹಾಡುಗಾರಿಕೆಯನ್ನು ಮುಂದಿರಿಸಿಕೊಂಡು ಬಿಡಿಸಿ ನೋಡುವುದು ಪ್ರಸ್ತುತ ಲೇಖನದ ಉದ್ದೇಶ. ಈ ತಾಲ್ಲೂಕುಗಳು ೨೦೦೭ರಲ್ಲಿ ಬೆಂಗಳೂರು ಗ್ರಾಮಾಂತರ ಜಿಲ್ಲೆಯಿಂದ ಬೇರ್ಪಟ್ಟು ರಾಮನಗರ ಜಿಲ್ಲೆಯಾದವು. ಆ ಜಿಲ್ಲೆಗೆ ಬೆಂಗಳೂರು ದಕ್ಷಿಣ ಎಂದು ಹೆಸರಿಡುವ ತೀರ್ಮಾನವಾದದ್ದು ೨೦೨೫ರಲ್ಲಿ. ಆಡಳಿತದ ಹೆಸರು ಏನೇ ಆಗಲಿ, ಹಾಡಿನ ದೃಷ್ಟಿಯಿಂದ ಇದು ರಾಗಿಯ ಸೀಮೆ, ಬಂಡೆಬೆಟ್ಟಗಳ ಸೀಮೆ, ಈಚಿನ ತಲೆಮಾರುಗಳಿಗೆ ರೇಷ್ಮೆಯ ಸೀಮೆ. ರಾಗಿ ಬೀಸುವ ಪದ, ಮದುವೆಯ ಸೋಬಾನೆ, ಕೋಲಾಟದ ಪದ, ಮಾದೇಶ್ವರನ ಗುಡ್ಡರ ಕಂಸಾಳೆಯ ಕಥನ, ಇವೆಲ್ಲ ಇಲ್ಲಿ ನೆರೆಯ ಮಂಡ್ಯ ಮತ್ತು ಚಾಮರಾಜನಗರದ ಕಡೆಯವುಗಳೊಡನೆ ಬೆರೆತೇ ಬೆಳೆದಿವೆ.

೨

ಹಾಡು ಜನಸಮುದಾಯದ ಒಡಲಿನಿಂದ ತಾನೇ ತಾನಾಗಿ ಹುಟ್ಟುತ್ತದೆ ಎಂಬ ಕಲ್ಪನೆ ಈ ನೆಲದ್ದಲ್ಲ. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಜರ್ಮನಿಯ ಹರ್ಡರ್, ಅವನ ತರುವಾಯ ಗ್ರಿಮ್ ಸೋದರರು ಇದನ್ನು ಬೆಳೆಸಿದರು. ಜನಾಂಗವೊಂದರ ಆತ್ಮವನ್ನು ಹುಡುಕುತ್ತಿದ್ದವರಿಗೆ ಬಿಡಿ ಹಾಡುಗಾರನಿಗಿಂತ 'ಜನ'ವೇ ಕವಿಯಾಗುವುದು ಹೆಚ್ಚು ಅನುಕೂಲವಾಗಿತ್ತು. ಸ್ವಾರಸ್ಯವೆಂದರೆ ಅದೇ ಗ್ರಿಮ್ ಸೋದರರಿಗೆ ಹಲವು ಕಥೆಗಳನ್ನು ಹೇಳಿದ ಡೊರೊಥಿಯಾ ಫೀಮನ್ ಎಂಬಾಕೆಯ ಭಾವಚಿತ್ರ ೧೮೧೯ರ ಎರಡನೆಯ ಆವೃತ್ತಿಯಲ್ಲಿ ಅಚ್ಚಾಯಿತು. ಸಿದ್ಧಾಂತ 'ಜನ'ವನ್ನು ಕವಿಯೆಂದಿತು. ಪುಸ್ತಕ ಮಾತ್ರ ಒಬ್ಬ ಹೆಂಗಸಿನ ಮುಖವನ್ನು ತೋರಿಸಿತು.

ಕನ್ನಡದಲ್ಲಿಯೂ ಇಂಥದೇ ಇಬ್ಬಗೆಯನ್ನು ಎರಡು ಶೀರ್ಷಿಕೆಗಳಲ್ಲಿ ಗುರುತಿಸಬಹುದು. ಹಲಸಂಗಿಯ ಗೆಳೆಯರ ಶ್ರಮದಿಂದ ೧೯೩೧ರಲ್ಲಿ ಪ್ರಕಟವಾದ 'ಗರತಿಯ ಹಾಡು' ನಮ್ಮ ಜನಪದ ಸಂಗ್ರಹದ ಇತಿಹಾಸದಲ್ಲಿ ಒಂದು ಮೈಲಿಗಲ್ಲು. ಅದಿಲ್ಲದಿದ್ದರೆ ನವೋದಯದ ಕವಿಗಳಿಗೆ ತ್ರಿಪದಿಯ ಕಸುವು ಅಷ್ಟು ಬೇಗ ಮನವರಿಕೆಯಾಗುತ್ತಿರಲಿಲ್ಲ. ಆದರೆ ಆ ಹೆಸರಿನಲ್ಲಿರುವ ಗರತಿ ಯಾರು? ಅವಳು ಒಬ್ಬಳಲ್ಲ, ಒಂದು ಮಾದರಿ. ಹಾಡಿದ ಹೆಂಗಸರೆಲ್ಲ ಆ ಮಾದರಿಯೊಳಗೆ ಕರಗಿದ್ದಾರೆ. ಇದಕ್ಕೆ ಎದುರಾಗಿ ಎಚ್. ಎಲ್. ನಾಗೇಗೌಡರ ಒಂದು ಸಂಗ್ರಹದ ಹೆಸರು 'ಸೋಬಾನೆ ಚಿಕ್ಕಮ್ಮನ ಪದಗಳು'. ಇಲ್ಲಿ ಹಾಡುಗಾರ್ತಿಗೆ ಹೆಸರಿದೆ. ಪದಗಳು ಷಷ್ಠೀ ವಿಭಕ್ತಿಯಲ್ಲಿ ಅವಳವೇ ಆಗಿವೆ. ಸೋಬಾನೆ ಎಂಬ ಪ್ರಕಾರವೇ ಅವಳ ಹೆಸರಿನ ಮುಂದೆ ಮನೆತನದ ಹೆಸರಿನಂತೆ ಬಂದು ನಿಂತಿದೆ. ನಾಗೇಗೌಡರು ೧೯೭೯ರಲ್ಲಿ ಕರ್ನಾಟಕ ಜಾನಪದ ಪರಿಷತ್ತನ್ನೂ, ೧೯೯೪ರಲ್ಲಿ ರಾಮನಗರದ ಬಳಿ ಜಾನಪದ ಲೋಕವನ್ನೂ ಕಟ್ಟಿದವರು. ಬೆಂಗಳೂರು–ಮೈಸೂರು ಹೆದ್ದಾರಿಯ ಮಗ್ಗುಲಲ್ಲಿರುವ ಆ ಲೋಕದೊಳಗೆ ಬೀಸುವ ಕಲ್ಲುಗಳನ್ನು ನೋಡುವವರಿಗೆ, ವಸ್ತುವನ್ನು ಉಳಿಸಿದಷ್ಟು ಸುಲಭವಾಗಿ ದನಿಯನ್ನು ಉಳಿಸಲು ಬಾರದು ಎಂಬುದು ಹೊಳೆಯದೆ ಇರದು. ಕಲ್ಲನ್ನು ತಂದಿಡಬಹುದು. ಅದರ ಮುಂದೆ ಕೋಳಿ ಕೂಗುವ ಹೊತ್ತಿಗೆ ಒಬ್ಬಳೇ ಕೂತು ಪದ ಹೇಳುತ್ತಿದ್ದವಳನ್ನು ತರುವುದು ಹೇಗೆ?

೩

ಸ್ವಂತಿಕೆ ಎಂದರೆ ಹಿಂದೆ ಯಾರೂ ಹೇಳದ ವಸ್ತುವನ್ನು ಹೇಳುವುದು ಎಂಬ ತಿಳಿವಳಿಕೆ ಮುದ್ರಣಯುಗದ್ದು, ವಿಶೇಷವಾಗಿ ಕಾದಂಬರಿಯ ಕಾಲದ್ದು. ಆ ಅಳತೆಗೋಲನ್ನು ಹಿಡಿದರೆ ಜನಪದ ಹಾಡುಗಾರ್ತಿಯಷ್ಟೇ ಅಲ್ಲ, ಪಂಪನೂ ಸೋಲುತ್ತಾನೆ. ೯೪೧ರ 'ವಿಕ್ರಮಾರ್ಜುನ ವಿಜಯ'ದ ಕಥೆ ವ್ಯಾಸನದು. ಪಂಪನದು ಎನ್ನಬೇಕಾದದ್ದು ಅರ್ಜುನನನ್ನು ಅರಿಕೇಸರಿಯೊಡನೆ ಹೊಂದಿಸಿದ ಬಗೆ, ದ್ರೌಪದಿಯನ್ನು ಅರ್ಜುನನೊಬ್ಬನ ಹೆಂಡತಿಯನ್ನಾಗಿ ಮಾಡಿದ ಧೈರ್ಯ, ಕರ್ಣನ ಕಡೆಗೆ ತಿರುಗಿದ ಒಲವು. 'ಕವಿರಾಜಮಾರ್ಗ'ವಂತೂ ದಂಡಿಯ ಕಾವ್ಯಾದರ್ಶವನ್ನು ನೆಚ್ಚಿ ನಡೆದ ಗ್ರಂಥ. ಆದರೂ ಚತ್ತಾಣ, ಬೆದಂಡೆಗಳನ್ನು ಕುರಿತು, ಕನ್ನಡದ ನಾಡು ನುಡಿಗಳನ್ನು ಕುರಿತು ಅದು ಆಡುವ ಮಾತು ದಂಡಿಯಿಂದ ಬಂದದ್ದಲ್ಲ.

ಭಾರತೀಯ ಕಾವ್ಯಮೀಮಾಂಸೆ ಈ ವಿಷಯವನ್ನು ನಮಗಿಂತ ಸೂಕ್ಷ್ಮವಾಗಿ ಚಿಂತಿಸಿದೆ. ಒಬ್ಬ ಕವಿಯ ಮಾತು ಇನ್ನೊಬ್ಬನ ಮಾತನ್ನು ಹೋಲುವುದನ್ನು ಆನಂದವರ್ಧನ 'ಸಂವಾದ'ವೆಂದು ಕರೆದು ಅದನ್ನು ಮೂರು ಬಗೆಯಾಗಿ ವಿಂಗಡಿಸುತ್ತಾನೆ. ಕನ್ನಡಿಯ ಬಿಂಬದಂತಿರುವುದು, ಚಿತ್ರದಂತಿರುವುದು, ಒಂದೇ ತೆರನಾದ ಮೈಯುಳ್ಳ ಇಬ್ಬರು ಮನುಷ್ಯರಂತಿರುವುದು. ಬಿಂಬಕ್ಕೆ ತನ್ನದೆಂಬ ಒಡಲಿಲ್ಲ. ಚಿತ್ರಕ್ಕೆ ಒಡಲಿದ್ದರೂ ಅದು ಹುರುಳಿಲ್ಲದ್ದು. ಮೂರನೆಯದರಲ್ಲಿ ಮಾತ್ರ ಹೋಲಿಕೆಯಿದ್ದೂ ಬೇರೆ ಜೀವವಿದೆ. ಆದ್ದರಿಂದ ಅದನ್ನು ಕವಿ ಕೈಬಿಡಬೇಕಾಗಿಲ್ಲ. ತೀ. ನಂ. ಶ್ರೀಕಂಠಯ್ಯನವರ 'ಭಾರತೀಯ ಕಾವ್ಯಮೀಮಾಂಸೆ' (೧೯೫೩) ಓದಿದವರಿಗೆ ಆನಂದವರ್ಧನ ಹೊಸಬನಲ್ಲ. ಆದರೆ ಈ ವಿಂಗಡಣೆಯನ್ನು ನಾವು ಶಿಷ್ಟಕಾವ್ಯದ ಆಚೆಗೆ ಕೊಂಡೊಯ್ದದ್ದು ಕಡಿಮೆ. ಒಂದೇ ಸೋಬಾನೆ ಪದವನ್ನು ಮಾಗಡಿಯ ಹೆಂಗಸೂ ಚನ್ನಪಟ್ಟಣದ ಹೆಂಗಸೂ ಹೇಳಿದಾಗ ಅವೆರಡರ ನಡುವಣ ಸಂಬಂಧ ಈ ಮೂರರಲ್ಲಿ ಯಾವುದು ಎಂದು ಕೇಳಿದರೆ, 'ಪಾಠಾಂತರ' ಎಂಬ ಒಣ ಪರಿಭಾಷೆಗಿಂತ ಹೆಚ್ಚಿನದು ಕೈಗೆ ಸಿಗುತ್ತದೆ. ಪಾಠಾಂತರ ಎಂದಾಗ ಎಲ್ಲಿಯೋ ಒಂದು ಮೂಲಪಾಠವಿದ್ದು ಉಳಿದವೆಲ್ಲ ಅದರ ಕವಲು ಎಂಬ ಅರ್ಥ ತಾನಾಗಿ ಸೇರಿಕೊಳ್ಳುತ್ತದೆ. ಹಾಡಿನ ಲೋಕದಲ್ಲಿ ಅಂಥ ಮೂಲವನ್ನು ತೋರಿಸಿದವರಿಲ್ಲ.

೪

ಮಾತು ಅಮೂರ್ತವಾಗಬಾರದೆಂದರೆ ಪದದ ಒಳಕಟ್ಟಿಗೆ ಹೋಗಬೇಕು. ಬೀಸುವ ಪದಗಳ ಮುಖ್ಯ ಛಂದಸ್ಸು ತ್ರಿಪದಿ. ಲಕ್ಷಣಕಾರರ ಪ್ರಕಾರ ಅದರಲ್ಲಿ ಹನ್ನೊಂದು ಅಂಶಗಣಗಳು. ಆರನೆಯದೂ ಹತ್ತನೆಯದೂ ಬ್ರಹ್ಮಗಣ, ಉಳಿದವು ವಿಷ್ಣುಗಣ. ಬ್ರಹ್ಮಗಣಕ್ಕೆ ಎರಡು ಅಂಶ, ವಿಷ್ಣುಗಣಕ್ಕೆ ಮೂರು, ರುದ್ರಗಣಕ್ಕೆ ನಾಲ್ಕು. ಗಣದ ಮೊದಲ ಅಂಶ ಒಂದು ಗುರುವಾಗಿರಬೇಕು ಇಲ್ಲವೇ ಎರಡು ಲಘುಗಳಾಗಿರಬೇಕು. ಮುಂದಿನ ಅಂಶಗಳಲ್ಲಿ ಗುರುವೋ ಲಘುವೋ ಒಂದೊಂದು ಅಕ್ಷರವಿದ್ದರೆ ಸಾಕು. ಇಷ್ಟನ್ನು ನೆನಪಿನಲ್ಲಿಟ್ಟುಕೊಂಡರೆ ಮುಂದಿನ ಮಾತು ಸ್ಪಷ್ಟವಾಗುತ್ತದೆ.

ಬೀಸುವ ಪದಗಳಲ್ಲಿ ಊರಿನ ಹೆಸರು ಬರುವ ಜಾಗಗಳು ಹೇರಳ. ತವರಿನ ದಾರಿ, ಅಣ್ಣ ಹೋದ ಸಂತೆ, ಹರಕೆ ಹೊತ್ತ ದೇವರ ಬೆಟ್ಟ – ಇವೆಲ್ಲ ಹೆಸರು ಬೇಡುವ ಜಾಗಗಳು. ಹಾಡುಗಾರ್ತಿ ಆ ಜಾಗದಲ್ಲಿ ತನ್ನ ಊರನ್ನು ಇಡುತ್ತಾಳೆ ಎಂಬುದನ್ನು ಸಂಗ್ರಾಹಕರು ಎಂದೋ ಗುರುತಿಸಿದ್ದಾರೆ. ಆದರೆ ಇದನ್ನು ಬರಿಯ 'ಸ್ಥಳೀಕರಣ' ಎಂದು ಕರೆದು ಮುಂದೆ ಸಾಗುವುದು ರೂಢಿ. ಒಂದು ಹೆಸರು ತೆಗೆದು ಇನ್ನೊಂದು ಹೆಸರು ಇಟ್ಟಂತೆ, ಗೋಡೆಯ ಕ್ಯಾಲೆಂಡರು ಬದಲಿಸಿದಂತೆ. ಕೆಲಸ ಅಷ್ಟು ಸುಲಭದ್ದಲ್ಲ.

'ಮಾಗಡಿ' ಎಂಬ ಹೆಸರನ್ನು ತೆಗೆದುಕೊಳ್ಳೋಣ. ಮಾ, ಗ, ಡಿ – ಮೂರು ಅಂಶ, ಸರಿಯಾಗಿ ಒಂದು ವಿಷ್ಣುಗಣ. ತ್ರಿಪದಿಗೆಂದೇ ಹುಟ್ಟಿದ ಹೆಸರಿನಂತಿದೆ. 'ಕನಕಪುರ'ಕ್ಕೆ ಬಂದರೆ ಕನ, ಕ, ಪು, ರ – ನಾಲ್ಕು ಅಂಶ. ಅದು ರುದ್ರಗಣವಾಗಿ ತ್ರಿಪದಿಯ ಗಣದಿಂದ ಹೊರಚಾಚುತ್ತದೆ. 'ಚನ್ನಪಟ್ಟಣ'ಕ್ಕೆ ಐದು ಅಂಶ. ಆಡುಮಾತಿನ 'ಚನ್ನಪಟ್ಣ'ಕ್ಕೆ ನಾಲ್ಕು. 'ರಾಮನಗರ'ಕ್ಕೂ ಐದು. ಆದರೆ ಜನ ಆಡುವಂತೆ 'ರಾಮ್ನಗ್ರ' ಎಂದರೆ ಮೂರೇ ಅಂಶವಾಗಿ ಗಣಕ್ಕೆ ಒಪ್ಪುತ್ತದೆ. (ಈ ಊರಿಗೆ ಹಿಂದೆ ಇದ್ದ 'ಕ್ಲೋಸ್‌ಪೇಟೆ' ಎಂಬ ಹೆಸರು ಇಂಗ್ಲಿಷ್ ಅಧಿಕಾರಿಯದಾದರೂ ಮೂರು ಅಂಶದ್ದೇ, ಛಂದಸ್ಸಿಗೆ ಪರದೇಶಿ ಸ್ವದೇಶಿ ಎಂಬ ಭೇದವಿಲ್ಲ.) ಮಾಗಡಿಯ ತವರಿನಲ್ಲಿ ಕಲಿತ ಪದವನ್ನು ಕನಕಪುರದ ಮಗಳಿಗೆ ಹೇಳಿಕೊಡುವ ತಾಯಿ ಊರಿನ ಹೆಸರನ್ನು ಬದಲಿಸಿದಳೆಂದರೆ, ಹೆಚ್ಚಾದ ಒಂದು ಅಂಶವನ್ನು ಎಲ್ಲಿಯಾದರೂ ತೂಗಿಸಲೇಬೇಕು. ಪಕ್ಕದ ಮಾತನ್ನು ಕುಗ್ಗಿಸಬಹುದು, ಒಂದು ವಿಶೇಷಣವನ್ನು ಬಿಡಬಹುದು, ಇಲ್ಲವೇ ಕಲ್ಲಿನ ಒಂದು ಸುತ್ತಿನೊಳಗೆ ನಾಲ್ಕು ಅಂಶವನ್ನು ಅದುಮಿ ಹೇಳಬಹುದು. ಯಾವುದನ್ನು ಮಾಡಿದರೂ ಅದು ಅವಳ ಆಯ್ಕೆ. ಹಾಡಿನ ಎಳೆತ ಲಕ್ಷಣಗ್ರಂಥದ ಲೆಕ್ಕವನ್ನು ಸಡಿಲಿಸುತ್ತದೆ, ನಿಜ. ಆದರೆ ಎಳೆಯುವುದೂ ಅದುಮುವುದೂ ಕಿವಿಗೆ ಬೇರೆ ಬೇರೆಯಾಗಿಯೇ ಕೇಳುತ್ತವೆ.

ಊರಿನ ಹೆಸರು ಸಾಲಿನ ಮೊದಲಿಗೆ ಬಂದರಂತೂ ಬದಲಾವಣೆ ಇನ್ನೂ ಆಳಕ್ಕೆ ಇಳಿಯುತ್ತದೆ. ತ್ರಿಪದಿಯಲ್ಲಿ ಆದಿಪ್ರಾಸ ಅಂದರೆ ಪ್ರತಿಯೊಂದು ಸಾಲಿನ ಎರಡನೆಯ ಅಕ್ಷರದ ಹೊಂದಾಣಿಕೆ ಸಾಮಾನ್ಯ. ಹಾಡುಗಬ್ಬದಲ್ಲಿ ಇದು ಎಲ್ಲೆಡೆಯೂ ಕಟ್ಟುನಿಟ್ಟಲ್ಲ, ಆದರೆ ಒಳ್ಳೆಯ ಹಾಡುಗಾರ್ತಿಯರು ಬಿಟ್ಟುಕೊಡುವುದೂ ಅಪರೂಪ. 'ಮಾಗಡಿ'ಯಿಂದ ಸಾಲು ಎತ್ತಿಕೊಂಡರೆ ಹಿಂದುಮುಂದಿನ ಸಾಲುಗಳಿಗೆ ದೀರ್ಘದ ಮೇಲಿನ 'ಗ'ಕಾರ ಬೇಕು. ಆಗ ರಾಗಿ ಬರುತ್ತದೆ, ಬಾಗಿಲು ಬರುತ್ತದೆ, ಬಾಗುವುದು, ಸಾಗುವುದು ಬರುತ್ತವೆ. 'ಕನಕಪುರ'ವೆಂದರೆ ಹ್ರಸ್ವದ ಮೇಲಿನ 'ನ'ಕಾರ: ಮನೆ, ದನ, ಹನಿ, ತೆನೆ. 'ಚನ್ನಪಟ್ಣ'ವೆಂದರೆ ಒತ್ತಕ್ಷರ: ಅನ್ನ, ಚಿನ್ನ, ಹೊನ್ನು, ಬೆನ್ನು, ಕನ್ನಡಿ. 'ರಾಮನಗರ'ವಾದರೆ ಸೀಮೆ, ಭೂಮಿ, ಸೋಮವಾರ, ಮಾಮ. ಛಂದಶ್ಶಾಸ್ತ್ರದ ಪರಿಭಾಷೆಯಲ್ಲಿ ಹೇಳುವುದಾದರೆ ಮಾಗಡಿ, ರಾಮನಗರಗಳದು ಗಜಪ್ರಾಸ, ಕನಕಪುರದ್ದು ಸಿಂಹಪ್ರಾಸ, ಚನ್ನಪಟ್ಟಣದ್ದು ಹಯಪ್ರಾಸ. ತವರಿನ ಹೆಸರು ಬದಲಾದೊಡನೆ ತವರಿನ ಚಿತ್ರವೇ ಬದಲಾಗುತ್ತದೆ. ಒಂದು ಊರಿನ ತವರಿಗೆ ಬಾಗಿಲೂ ರಾಗಿಯೂ ಇದ್ದರೆ ಇನ್ನೊಂದಕ್ಕೆ ಚಿನ್ನವೂ ಕನ್ನಡಿಯೂ ಇರುತ್ತವೆ. ಇಷ್ಟೆಲ್ಲ ಒದಗಿ ಬರುವ ಮಾತುಗಳಲ್ಲಿ ಯಾವುದನ್ನು ಆರಿಸಬೇಕು, ಆರಿಸಿದ್ದನ್ನು ಮೂರನೆಯ ಸಾಲಿನ ಭಾವಕ್ಕೆ ಹೇಗೆ ತಿರುಗಿಸಬೇಕು ಎಂಬುದನ್ನು ಪರಂಪರೆ ಹೇಳಿಕೊಡುವುದಿಲ್ಲ. ಪರಂಪರೆ ಕೊಡುವುದು ಪ್ರಾಸದ ಪಟ್ಟಿಯನ್ನು. ಅದರಿಂದ ತನ್ನ ತವರನ್ನು ಕಟ್ಟಿಕೊಳ್ಳುವವಳು ಹಾಡುಗಾರ್ತಿ.

ಇದರ ಇನ್ನೊಂದು ಮುಖವನ್ನೂ ನೋಡಬಹುದು. ಈ ಸೀಮೆಯ ಬದುಕಿನಲ್ಲಿ ರೇಷ್ಮೆಗೆ ಇಷ್ಟು ದೊಡ್ಡ ಸ್ಥಾನವಿದೆ. ರಾಮನಗರದ ಗೂಡಿನ ಮಾರುಕಟ್ಟೆ ನಾಡಿಗೇ ಪ್ರಸಿದ್ಧ. ಆದರೆ 'ರೇಷ್ಮೆ' ಎಂಬ ಮಾತು ತ್ರಿಪದಿಯ ಸಾಲಿನ ಮೊದಲಿಗೆ ಬರುವುದು ಕಷ್ಟ. 'ಷ್ಮ'ಕ್ಕೆ ಪ್ರಾಸವಾಗಿ ನಿಲ್ಲುವ ನಿತ್ಯದ ಮಾತುಗಳು ಕನ್ನಡದಲ್ಲಿ ಇಲ್ಲವೆಂದೇ ಹೇಳಬೇಕು. ಅದು ಸಾಲಿನ ಒಳಗೆ, ಎರಡು ಅಂಶದ ಬ್ರಹ್ಮಗಣವಾಗಿಯೋ ಇನ್ನೊಂದು ಮಾತಿಗೆ ಹೊಂದಿಕೊಂಡೋ ಬರಬಲ್ಲುದು. 'ಗೂಡು' ಆದರೆ ಮೊದಲಿಗೇ ಬರುತ್ತದೆ. ನಾಡು, ಬೀಡು, ಹಾಡು, ಜೋಡು ಎಲ್ಲ ಅದರ ನೆಂಟರು. ಹೊಸ ಬದುಕನ್ನು ಹಳೆಯ ಮಟ್ಟಿನೊಳಗೆ ತರುವವಳು ರೇಷ್ಮೆಯನ್ನು ಬಿಟ್ಟು ಗೂಡನ್ನು ಹಿಡಿದರೆ ಅದು ಅಕಸ್ಮಾತ್ತಲ್ಲ, ಕಸುಬಿನ ತಿಳಿವು. ಹೊಸತನ್ನು ಹೇಳುವುದಕ್ಕಿಂತ ಹೊಸತಕ್ಕೆ ಜಾಗ ಹುಡುಕುವುದು ಹೆಚ್ಚು ಕಷ್ಟದ ಕೆಲಸ.

ಬೀಸುವ ಪದ ಬಹುಮಟ್ಟಿಗೆ ಒಂಟಿ ದನಿಯದು. ಹೆಚ್ಚೆಂದರೆ ಕಲ್ಲಿನ ಎದುರುಬದುರಿಗೆ ಕೂತ ಇಬ್ಬರದು. ಕೇಳುವವರು ಇಲ್ಲದಿರುವುದರಿಂದಲೇ ಅಲ್ಲಿ ಅತ್ತೆಯ ಮಾತು, ಗಂಡನ ಕುಡಿತ, ಮಕ್ಕಳಿಲ್ಲದ ಸಂಕಟ ಹೆದರಿಕೆಯಿಲ್ಲದೆ ಬಂದವು. ಸೋಬಾನೆಯ ಸಂಗತಿ ಬೇರೆ. ಅದು ಚಪ್ಪರದ ಕೆಳಗೆ ಎಲ್ಲರ ಎದುರಿಗೆ ನಡೆಯುವಂಥದು. ಹಸೆಗೆ ಕರೆಯುವುದು, ಆರತಿ ಎತ್ತುವುದು, ಹೆಣ್ಣು ಒಪ್ಪಿಸುವುದು ಮೊದಲಾದ ಶಾಸ್ತ್ರಗಳ ಕ್ರಮವೇ ಪದಗಳ ಕ್ರಮವನ್ನು ನಿಯಮಿಸುತ್ತದೆ. ಅಲ್ಲಿ ಸ್ವಂತ ದನಿಗೆ ದೊರೆಯುವ ದೊಡ್ಡ ಅವಕಾಶ ಬೀಗರ ಪದ. ಬೀಗಿತ್ತಿಯ ಸೀರೆ, ಬೀಗರು ತಂದ ಒಡವೆ, ಊಟದ ಪಂಕ್ತಿಯಲ್ಲಿ ಕೂತವರ ಮೀಸೆ ಎಲ್ಲವನ್ನೂ ಕಂಡಲ್ಲಿಯೇ ಪದಕ್ಕೆ ಹಾಕುವ ಚುರುಕು ಎಲ್ಲರಿಗೂ ಬರುವುದಿಲ್ಲ. ಹಾಗೆ ಬಂದವಳನ್ನು ಊರು ಹೆಸರಿಟ್ಟು ಕರೆಸಿಕೊಳ್ಳುತ್ತದೆ. 'ಅಜ್ಞಾತಕರ್ತೃಕ' ಎಂದು ನಾವು ಬರೆಯುವ ಪದದ ಕರ್ತೃ ಯಾರೆಂಬುದು ಸುತ್ತಮುತ್ತಲ ಹಳ್ಳಿಗಳಿಗೆ ಚೆನ್ನಾಗಿ ಗೊತ್ತಿರುತ್ತದೆ. ಅವಳು ಅಜ್ಞಾತಳಾಗುವುದು ನಮ್ಮ ಟಿಪ್ಪಣಿ ಪುಸ್ತಕದೊಳಗೆ ಬಂದ ಮೇಲೆ.

೫

ಬಿಡಿ ಪದಗಳಿಂದ 'ಮಲೆ ಮಾದೇಶ್ವರ'ದಂಥ ದೀರ್ಘ ಕಥನಗಳಿಗೆ ಬಂದರೆ ಹಾಡುಗಾರನ ಪಾತ್ರ ಇನ್ನೂ ಎದ್ದು ಕಾಣುತ್ತದೆ. ಶಿವರಾತ್ರಿಯ ಹೊತ್ತಿಗೆ ಕನಕಪುರದ ಸಂಗಮದ ಕಡೆ ಕಾವೇರಿಯನ್ನು ದಾಟಿ ಕಾಡುದಾರಿಯಲ್ಲಿ ಮಾದಪ್ಪನ ಬೆಟ್ಟಕ್ಕೆ ನಡೆಯುವ ಪರಿಷೆ ಈ ಸೀಮೆಗೆ ಆ ಕಥನದೊಡನೆ ಇರುವ ನಂಟನ್ನು ಇಂದಿಗೂ ಕಾಪಾಡಿಕೊಂಡಿದೆ. ಕೆ. ಕೇಶವನ್ ಪ್ರಸಾದ್ ಅವರು ಸಂಗ್ರಹಿಸಿದ 'ಮಲೆ ಮಾದೇಶ್ವರ'ದ ಇಂಗ್ಲಿಷ್ ಅನುವಾದವನ್ನು ಸಾಹಿತ್ಯ ಅಕಾಡೆಮಿ ೨೦೦೧ರಲ್ಲಿ ಪ್ರಕಟಿಸಿದಾಗ ಅದು ಹೆಬ್ಬಣಿ ಮಾದಯ್ಯ ಮತ್ತು ತಂಡದವರು ಹಾಡಿದ ಪಠ್ಯವೆಂದು ಶೀರ್ಷಿಕೆಯಲ್ಲಿಯೇ ಹೇಳಿತು. ೧೯೯೦ರಲ್ಲಿ ಧ್ವನಿಮುದ್ರಣಗೊಂಡು ೧೯೯೮ರಲ್ಲಿ ಪ್ರಕಟವಾದ ತುಳುವಿನ ಸಿರಿ ಮಹಾಕಾವ್ಯದ ೧೫,೬೮೩ ಸಾಲುಗಳೂ ಗೋಪಾಲ ನಾಯ್ಕರ ಹೆಸರಿನೊಡನೆಯೇ ಲೋಕಕ್ಕೆ ಪರಿಚಯವಾದವು. ಇವನ್ನು ಸೌಜನ್ಯವೆಂದು ತಿಳಿಯಬೇಕಾಗಿಲ್ಲ, ಶಾಸ್ತ್ರದ ನಿಖರತೆ ಎನ್ನಬೇಕು. ಬೇರೆ ಗುಡ್ಡರ ಮೇಳ ಹಾಡಿದರೆ ಅದು ಬೇರೆಯೇ ಪಠ್ಯ.

ಎಷ್ಟು ಬೇರೆ ಎಂಬುದಕ್ಕೆ ದೂರದ ಒಂದು ನಿದರ್ಶನ ನೆರವಾಗುತ್ತದೆ. ೧೯೩೦ರ ದಶಕದಲ್ಲಿ ಯುಗೋಸ್ಲಾವಿಯಾದಲ್ಲಿ ಕೆಲಸ ಮಾಡಿದ ಮಿಲ್‌ಮನ್ ಪ್ಯಾರಿ, ಒಬ್ಬ ಹಾಡುಗಾರನಿಂದ ೨,೨೯೪ ಸಾಲುಗಳ ಕಥನವೊಂದನ್ನು ಹಾಡಿಸಿದ. ಅದನ್ನು ಮೊದಲ ಸಲ ಕೇಳುತ್ತ ಕೂತಿದ್ದ ಅವ್ದೊ ಮೆದ್ಯೆದೊವಿಚ್ ಎಂಬ ಇನ್ನೊಬ್ಬ ಹಾಡುಗಾರ ಬಳಿಕ ಅದೇ ಕಥೆಯನ್ನು ತಾನು ಹಾಡಿದಾಗ ಅದು ೬,೩೧೩ ಸಾಲುಗಳಾಗಿ ಬೆಳೆಯಿತು. ಪ್ಯಾರಿಯ ಸಂಗಡಿಗ ಆಲ್ಬರ್ಟ್ ಲಾರ್ಡ್ ೧೯೬೦ರ ತನ್ನ ಗ್ರಂಥದಲ್ಲಿ ಇದನ್ನು ವಿವರಿಸುತ್ತ ಇನ್ನೊಂದು ವಿಚಿತ್ರವನ್ನೂ ಗಮನಿಸುತ್ತಾನೆ. ಕೇಳಿದ್ದನ್ನು ಅಕ್ಷರ ತಪ್ಪದೆ ಹಾಡುತ್ತೇನೆ ಎಂದು ಹಾಡುಗಾರರು ಪ್ರಾಮಾಣಿಕವಾಗಿಯೇ ಹೇಳುತ್ತಿದ್ದರು. ಧ್ವನಿಮುದ್ರಿಕೆಗಳು ಬೇರೆಯದನ್ನೇ ತೋರಿಸುತ್ತಿದ್ದವು. ಇದರಲ್ಲಿ ಸುಳ್ಳಿಲ್ಲ. ಅವರಿಗೆ 'ಅದೇ' ಎಂದರೆ ಅದೇ ಕಥೆ, ಅದೇ ನಡೆ, ಅದೇ ನಿಷ್ಠೆ. ನಮಗೆ 'ಅದೇ' ಎಂದರೆ ಅದೇ ಅಕ್ಷರ. ನಮ್ಮ ಕಡೆಯೂ ಪದ ಯಾರದೆಂದು ಕೇಳಿದರೆ "ನಂದೇನೈತಪ್ಪ ಇದ್ರಲ್ಲಿ, ನಮ್ಮವ್ವ ಏಳ್ಕೊಟ್ಟಿದ್ದು" ಎಂಬ ಉತ್ತರ ಬರುತ್ತದೆ. ಕ್ಷೇತ್ರಕಾರ್ಯ ಮಾಡಿದವರಿಗೆ ಇದು ಪರಿಚಿತ ಮಾತು. ಇದನ್ನು ಕರ್ತೃತ್ವದ ನಿರಾಕರಣೆಯೆಂದು ದಾಖಲಿಸುವುದು ಅವಸರದ ಕೆಲಸ. ಅದು ಋಣವನ್ನು ಹೇಳುವ ಮಾತು, ಹಕ್ಕನ್ನು ಬಿಟ್ಟುಕೊಡುವ ಮಾತಲ್ಲ.

ಹೆಸರನ್ನು ಹಾಡಿನೊಳಗೇ ಇಡುವ ದಾರಿಯೂ ನಮ್ಮಲ್ಲಿದೆ, ಅದು ಅಂಕಿತ. ಚನ್ನಪಟ್ಟಣದ ಬಳಿಯ ದೊಡ್ಡಮಳೂರಿನಲ್ಲಿ ಅಂಬೆಗಾಲು ಕೃಷ್ಣನನ್ನು ಕಂಡು ಪುರಂದರದಾಸರು ಹಾಡಿದರೆಂಬ ಪ್ರತೀತಿ ಈ ಸೀಮೆಯ ಹೆಮ್ಮೆ. ದಾಸರ ಅಂಕಿತ, ಶರಣರ ಅಂಕಿತಗಳು ದೇವರ ಹೆಸರಾಗಿದ್ದೂ ಕವಿಯ ಗುರುತಾಗಿ ಕೆಲಸ ಮಾಡುತ್ತವೆ. ಆದರೆ ಅಂಕಿತ ಇದ್ದಮಾತ್ರಕ್ಕೆ ದನಿ ಅವರದಾಗುವುದಿಲ್ಲ. ವಚನಗಳಲ್ಲಿಯೂ ಕೀರ್ತನೆಗಳಲ್ಲಿಯೂ ಪ್ರಕ್ಷೇಪದ ಸಮಸ್ಯೆ ಎದುರಾದದ್ದು ಅಂಕಿತವನ್ನು ಯಾರು ಬೇಕಾದರೂ ತೊಡಿಸಬಹುದಾದ್ದರಿಂದಲೇ. ಅಂಥ ಕಡೆ ಸಂಪಾದಕರು ಹಸ್ತಪ್ರತಿಯ ಜೊತೆಗೆ ಕೊನೆಗೆ ನೆಚ್ಚುವುದು ಶೈಲಿಯನ್ನು. ಜನಪದ ಹಾಡುಗಾರರಿಗೆ ಅಂಕಿತವಿಲ್ಲ. ವೇದಿಕೆಗೂ ಧ್ವನಿಸುರುಳಿಗೂ ಬಂದ ಬಾನಂದೂರು ಕೆಂಪಯ್ಯ, ಅಪ್ಪಗೆರೆ ತಿಮ್ಮರಾಜು ಅವರಂಥವರಲ್ಲಿ ಊರಿನ ಹೆಸರೇ ಅಂಕಿತದ ಕೆಲಸ ಮಾಡಿದೆ. ಬಾನಂದೂರು ರಾಮನಗರ ತಾಲ್ಲೂಕಿನದು, ಅಪ್ಪಗೆರೆ ಚನ್ನಪಟ್ಟಣದ ಮಗ್ಗುಲಿನದು. ಇಬ್ಬರೂ ಗಂಡಸರು ಎಂಬುದನ್ನು ಗಮನಿಸಬೇಕು. ಸೋಬಾನೆಯ ಹೆಂಗಸಿಗೆ ತವರಿನದೊಂದು ಊರು, ಗಂಡನದೊಂದು ಊರು. ಯಾವುದನ್ನು ಹೆಸರಿನ ಮುಂದೆ ಇಟ್ಟುಕೊಳ್ಳಬೇಕು?

ಧ್ವನಿಸುರುಳಿಯಿಂದ ಆದ ಉಪಕಾರವನ್ನು ಅಲ್ಲಗಳೆಯಲಾಗದು. ಆದರೆ ಅದು ಒಂದು ಸಂದರ್ಭದ ಒಂದು ಪಠ್ಯವನ್ನು ಸ್ಥಿರಗೊಳಿಸಿತು. ಹಿಟ್ಟಿನ ಗಿರಣಿ ಬಂದು ಬೀಸುವ ಸಂದರ್ಭ ಇಲ್ಲವಾದ ಮೇಲೆ, ಪದವನ್ನು ತಾಯಿಯಿಂದ ಕಲಿಯದೆ ಮುದ್ರಿಕೆಯಿಂದ ಕಲಿತವರು ಊರಿನ ಹೆಸರನ್ನೂ ಬದಲಿಸದೆ ಹಾಡುವುದುಂಟು. ಮೂಲ ಹಾಡುಗಾರ ಉಸಿರು ತೆಗೆದುಕೊಂಡಲ್ಲಿಯೇ ಇವರೂ ತೆಗೆದುಕೊಳ್ಳುತ್ತಾರೆ. ಆನಂದವರ್ಧನನ ಮಾತಿನಲ್ಲಿ ಇದು ಬಿಂಬ. ಅಕ್ಷರಕ್ಕೆ ನಿಷ್ಠರಾಗಿರುವುದೇ ಪರಂಪರೆಗೆ ನಿಷ್ಠರಾಗಿರುವುದು ಎಂದು ಸ್ಪರ್ಧೆಗಳ ತೀರ್ಪುಗಾರರು ಭಾವಿಸಿದರೆ ಬಿಂಬಕ್ಕೆ ಬಹುಮಾನ ಸಿಗುತ್ತದೆ, ಊರಿನ ಹೆಸರು ಬದಲಿಸಿದವಳಿಗೆ ಅಂಕ ಕಡಿಮೆಯಾಗುತ್ತದೆ.

ಕಾನೂನಿನ ನೆಲೆಯೂ ಇಲ್ಲಿ ಪ್ರಸ್ತುತ. ೧೯೫೭ರ ಕೃತಿಸ್ವಾಮ್ಯ ಕಾಯ್ದೆಗೆ ೧೯೯೪ರಲ್ಲಿ ಆದ ತಿದ್ದುಪಡಿ ಪ್ರದರ್ಶಕರ ಹಕ್ಕನ್ನು ಮೊದಲ ಬಾರಿಗೆ ಗುರುತಿಸಿತು; ೨೦೧೨ರ ತಿದ್ದುಪಡಿ ಪ್ರದರ್ಶಕರು ತಮ್ಮ ಹೆಸರಿನಿಂದ ಗುರುತಿಸಿಕೊಳ್ಳುವ ಹಕ್ಕನ್ನೂ ಸೇರಿಸಿತು. ಜನಪದ ಹಾಡುಗಾರ್ತಿಗೆ ಇದರಿಂದ ನೆರವಿದೆ, ಆದರೆ ಅರ್ಧ. ಕಾನೂನು ಅವಳನ್ನು ಹಾಡಿದವಳೆಂದು ಒಪ್ಪುತ್ತದೆ, ಕಟ್ಟಿದವಳೆಂದಲ್ಲ. ಇನ್ನೊಂದು ಕಡೆ, ಯುನೆಸ್ಕೊ ಮತ್ತು ವಿಶ್ವ ಬೌದ್ಧಿಕ ಸ್ವತ್ತು ಸಂಸ್ಥೆ ೧೯೮೨ರಲ್ಲಿ ಸಿದ್ಧಪಡಿಸಿದ ಮಾದರಿ ನಿಯಮಗಳು ಜನಪದ ಅಭಿವ್ಯಕ್ತಿಯನ್ನು ಸಮುದಾಯದ ಸ್ವತ್ತಾಗಿ ಕಾಣುತ್ತವೆ. ಚನ್ನಪಟ್ಟಣದ ಗೊಂಬೆಗೆ ದೊರೆತ ಭೌಗೋಳಿಕ ಸೂಚಿಕೆಯೂ ಊರಿನ ಹೆಸರನ್ನು ಕಾಯುತ್ತದೆಯೇ ಹೊರತು ಹಾಲೆಮರವನ್ನು ಕಡೆದು ಅರಗಿನ ಬಣ್ಣ ಹಿಡಿಸಿದ ಒಬ್ಬನ ಕೈಯನ್ನಲ್ಲ. ಒಂದು ಪದದಲ್ಲಿ ಪರಂಪರೆಯ ಪಾಲೆಷ್ಟು, ಒಬ್ಬಳ ಪಾಲೆಷ್ಟು ಎಂದು ತೂಗುವ ತಕ್ಕಡಿ ಕಾನೂನಿನ ಬಳಿ ಇಲ್ಲ. ಅದನ್ನು ಮಾಡಬೇಕಾದವರು ಛಂದಸ್ಸನ್ನೂ ಸಂದರ್ಭವನ್ನೂ ಬಲ್ಲವರು, ಎಂದರೆ ಕನ್ನಡ ವಿಭಾಗಗಳು.

ಇಲ್ಲಿ ಒಂದು ತೊಡಕು ಉಳಿಯುತ್ತದೆ. ಹಾಡುಗಾರ್ತಿಯ ಹೆಸರನ್ನು ಮುಖಪುಟಕ್ಕೆ ತರಬೇಕೆಂದರೆ ಯಾರ ಹೆಸರನ್ನು? ಹಾಡುಗಾರಿಕೆಯ ಪರಿಭಾಷೆ ಈ ವಿಷಯದಲ್ಲಿ ನಮ್ಮದಕ್ಕಿಂತ ಖಚಿತವಾಗಿದೆ. ಪದ 'ಕಟ್ಟುವುದು' ಬೇರೆ, 'ಹೇಳುವುದು' ಬೇರೆ, ಸೋಬಾನೆಯಲ್ಲಿ ಪದ 'ಎತ್ತುವುದು' ಬೇರೆ, ಎತ್ತಿದವಳ ಹಿಂದೆ 'ಸೊಲ್ಲು ಕೊಡುವುದು' ಬೇರೆ. ಸಂಗ್ರಾಹಕರು ಬರೆದುಕೊಳ್ಳುವುದು ಎತ್ತಿದವಳ ಸಾಲನ್ನು; ಸೊಲ್ಲು ಒಂದು ಸಲ ಅಚ್ಚಾಗಿ ಮುಂದೆ ಚುಕ್ಕಿಗಳಾಗಿಬಿಡುತ್ತದೆ. ಆದರೆ ಮುಂದಿನ ಸಾಲಿಗೆ ಪ್ರಾಸ ಹುಡುಕಲು, ಬೀಗಿತ್ತಿಯ ಸೀರೆಯ ಬಣ್ಣವನ್ನು ನೋಡಿಕೊಳ್ಳಲು, ಊರಿನ ಹೆಸರು ಗಣಕ್ಕೆ ಕೂರುವುದೋ ಇಲ್ಲವೋ ಎಂದು ಒಳಗೇ ತೂಗಲು ಅವಳಿಗೆ ಬಿಡುವು ದೊರೆಯುವುದು ಹಿಂದಿನವರು ಸೊಲ್ಲು ಹೇಳುವ ಆ ಎರಡು ಉಸಿರಿನಷ್ಟು ಹೊತ್ತಿನಲ್ಲಿ. ಪದ ತಡವರಿಸಿದರೆ ಅವರು ಸೊಲ್ಲನ್ನು ಇನ್ನೊಂದು ಸಲ ಹೇಳಿ ಅವಳನ್ನು ಕಾಯುತ್ತಾರೆ. ಹೀಗೆ ಎರಡು ಸಲ ಬಂದ ಸೊಲ್ಲನ್ನು ಅಚ್ಚಿನ ಪ್ರತಿಯಲ್ಲಿ ಉಳಿಸಿಕೊಂಡ ಸಂಪಾದನೆ ನನ್ನ ಓದಿನಲ್ಲಿ ಇನ್ನೂ ಸಿಕ್ಕಿಲ್ಲ.